ಅಳಿಯಂದಿರ ಊಟದ ಜಾಡಿ

ಟ್ಯಾಂಕಕ್ಕನಿಗೆ ಕಣ್ಣಾಸ್ಪತ್ರೆಯಿಂದ ನಾಲ್ಕು ತಿಂಗಳ ಸಂಬಳ ಬರಬೇಕು. ಹದಿನಾರು ವರ್ಷ ದುಡಿದವಳನ್ನು ಕೆಲಸದಿಂದ ತೆಗೆಯುವಾಗ ಕೊಡಬೇಕಾದ ಹಣವೂ ಬರಬೇಕು. ಅದನ್ನೆಲ್ಲ ಸತ್ತ ಮೀನುಗಳ ಬಾಬ್ತಿಗೆ ಹಿಡಿದುಕೊಂಡಿದ್ದೇವೆ ಎಂದು ಆಸ್ಪತ್ರೆಯವರು ಕಾಗದ ಕೊಟ್ಟಿದ್ದಾರೆ. ಅದೇ ಕಾಗದದ ಎರಡನೇ ಸಾಲಿನಲ್ಲಿ, ಟ್ಯಾಂಕಿಗೆ ಹುಳು ಬಿಟ್ಟು ಮೀನುಗಳನ್ನು ಕೊಂದವಳು ಇವಳೇ ಎಂದೂ ಬರೆದಿದ್ದಾರೆ. ಮೊದಲನೇ ಸಾಲು ಓದಿದಾಗ ಅವಳು ಬಾಯಿಗೆ ಬಂದಂತೆ ಬೈದಳು. ಎರಡನೇ ಸಾಲು ಓದಿದ ಮೇಲೆ ಬೈಯುವುದನ್ನೂ ಬಿಟ್ಟಳು.

ನಮ್ಮ ಕಾರ್ಮಿಕ ಸಂಘದ ಕೋಣೆಗೆ ಬಂದವಳು ಮೊದಲು ಕೇಳಿದ್ದು ಸಂಬಳದ ಮಾತಲ್ಲ. ಕಾಗದವನ್ನು ಮೇಜಿನ ಮೇಲೆ ಹರಡಿ, ಬಿರುಕು ಬಿಟ್ಟ ಬೆರಳನ್ನು ಆ ಸಾಲಿನ ಮೇಲಿಟ್ಟು, "ಅಣ್ಣ, ಇದನ್ನ ಹೊಡೆದು ಹಾಕ್ಸೋಕೆ ಆಗತ್ತಾ?" ಎಂದಳು.

ಆಗುತ್ತದೆ ಎಂದೆ. ಮೂವತ್ತು ವರ್ಷದಿಂದ ಹೀಗೆ ಎಷ್ಟೋ ಜನರಿಗೆ ಆಗುತ್ತದೆ ಎಂದಿದ್ದೇನೆ. ಕೆಲವು ಆಗಿವೆ.

ಟ್ಯಾಂಕಕ್ಕ ಎನ್ನುವುದು ಆಸ್ಪತ್ರೆಯ ಕಾವಲುಗಾರ ಇಟ್ಟ ಹೆಸರು. ಆಮೇಲೆ ಡಾಕ್ಟರುಗಳ ಬಾಯಿಗೂ ಅದೇ ಹತ್ತಿತು. ವಯಸ್ಸು ಐವತ್ತಮೂರು. ಕುಳ್ಳಿ, ಗಟ್ಟಿ ಆಳು. ಬೆರಳ ಸಂದುಗಳನ್ನು ಉಪ್ಪುನೀರು ಕೊರೆದುಹಾಕಿದೆ, ಊಟಕ್ಕೆ ಕೂತರೆ ಖಾರ ತಗುಲಿ ಮೊದಲ ತುತ್ತಿಗೇ ಹಲ್ಲು ಕಚ್ಚುತ್ತಾಳೆ. ಗಂಡ ಲಾರಿ ಕ್ಲೀನರ್. ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ಲೋಡಿನ ಜೊತೆ ಹೋದವನು ಇನ್ನೂ ಬಂದಿಲ್ಲ. ಯಾರಾದರೂ ಕೇಳಿದರೆ, "ದೂರದ ಲೋಡು," ಎನ್ನುತ್ತಾಳೆ. ಆ ಮಗಳಿಗೆ ಈಗ ಇಪ್ಪತ್ತನಾಲ್ಕು, ಅದೇ ಕಣ್ಣಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಕುದಿಸಿ, ಒಣಗಿಸಿ, ಮಡಚಿ, ಗಾಡಿಯಲ್ಲಿ ತಳ್ಳಿಕೊಂಡು ಹೋಗುವ ಕೆಲಸ. ತಾಯಿ ಮಗಳು ಒಂದೇ ಕೋಣೆಯ ಮನೆಯಲ್ಲಿ ಇರುತ್ತಾರೆ. ಒಬ್ಬಳ ಮೈಗೆ ಸೋಪಿನ ವಾಸನೆ, ಇನ್ನೊಬ್ಬಳ ಮೈಗೆ ಸಮುದ್ರದ ವಾಸನೆ. ಇಬ್ಬರೂ ಸಮುದ್ರವನ್ನು ಕಣ್ಣಾರೆ ಕಂಡವರಲ್ಲ.

ಅವಳು ಕೆಲಸಕ್ಕೆ ಸೇರಿದ್ದು ನೆಲ ಒರೆಸಲಿಕ್ಕೆ. ಮೂರನೇ ವರ್ಷಕ್ಕೆ ಆಸ್ಪತ್ರೆಯ ಮಾಲೀಕರು ಕಾಯುವ ಹಾಲ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಇಡಿಸಿದರು. ಎಂಟು ಅಡಿ ಉದ್ದ, ನಿಂತವರ ಎದೆಮಟ್ಟಕ್ಕೆ ಬರುವ ಗಾಜು, ಒಳಗೆ ಜೀವಂತ ಹವಳ. ಕೋಸಿನ ಎಲೆಯಂಥದ್ದು, ಕೈಬೆರಳಿನಂಥದ್ದು, ಬಿಚ್ಚಿಟ್ಟ ಮೆದುಳಿನಂಥದ್ದು. ಅವುಗಳ ನಡುವೆ ಬಣ್ಣಬಣ್ಣದ ಮೀನು. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲವಾಗಲು ಕೂರಿಸುತ್ತಾರಲ್ಲ, ಆ ಒಂದು ಗಂಟೆ ಜನ ಜಗಳ ತೆಗೆಯದೆ ಕೂರಲಿ ಎಂದು ಈ ಏರ್ಪಾಡು. ಮಂಜಾದ ಕಣ್ಣಿಗೆ ಮೀನು ಏನು ಕಂಡೀತು ಎಂದು ನೀವು ಕೇಳಬಹುದು. ಬಣ್ಣ ಅಲುಗುವುದು ಕಾಣುತ್ತದೆ. ಅಷ್ಟು ಸಾಕು ಎಂದು ಮಾಲೀಕರಿಗೆ ಗೊತ್ತಿತ್ತು.

ವಾರಕ್ಕೊಮ್ಮೆ ಒಂದು ಕಂಪನಿಯಿಂದ ಮೆಕ್ಯಾನಿಕ್ ಬಂದು ನೀರು ಪರೀಕ್ಷೆ ಮಾಡಿ ಹೋಗುತ್ತಿದ್ದ. ಅವನಿಗೆ ಬಕೆಟ್ ಹಿಡಿಯಲು ಇವಳನ್ನು ನಿಲ್ಲಿಸಿದರು. ಅವನು ಮಾತಿನ ಮಲ್ಲ, ಎದುರಿಗೆ ಯಾರಿದ್ದಾರೆ ಎಂದೂ ನೋಡದೆ ಹೇಳುತ್ತಲೇ ಇರುತ್ತಿದ್ದ. ನೀರು ಆರಿದಷ್ಟಕ್ಕೆ ಸಿಹಿನೀರು ತುಂಬಬೇಕು, ಯಾಕೆಂದರೆ ಉಪ್ಪು ಆರುವುದಿಲ್ಲ. ಮೀನಿಗೆ ಹಸಿವಾಯಿತೆಂದು ತಿನ್ನಲು ಹಾಕಬಾರದು, ನೀರಿಗೆ ಎಷ್ಟು ತಾಳಿಕೆ ಇದೆ ಎಂದು ನೋಡಿ ಹಾಕಬೇಕು. ಎರಡು ವರ್ಷ ಬಕೆಟ್ ಹಿಡಿದವಳು ಅವನ ವಿದ್ಯೆಯನ್ನೆಲ್ಲ ಬಕೆಟ್‌ನಲ್ಲೇ ತುಂಬಿಕೊಂಡಳು. ಆಮೇಲೆ ಕಂಪನಿ ದುಬಾರಿಯಾಯಿತೆಂದು ಬಿಡಿಸಿದರು. ಆಸ್ಪತ್ರೆಯ ಮ್ಯಾನೇಜರ್ ಇವಳನ್ನು ಕರೆದು, "ನೀನೇ ನೋಡ್ಕೊಳಮ್ಮ, ಹೆಂಗೂ ಬಕೆಟ್ ಹಿಡಿದು ಅಭ್ಯಾಸ ಇದೆಯಲ್ಲ," ಎಂದ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೊನೆಯ ದಿನದವರೆಗೂ ‘ನೆಲ ಒರೆಸುವವಳು’ ಎಂದೇ ಇತ್ತು. ಸಂಬಳವೂ ನೆಲದ್ದೇ.

ಹನ್ನೊಂದು ವರ್ಷ ಅವಳು ಆ ಎಂಟು ಅಡಿ ಕಡಲನ್ನು ಸಾಕಿದಳು. ಒಂದು ಮೀನೂ ಸಾಯಲಿಲ್ಲ ಎಂದು ಕಥೆ ಕಟ್ಟುವುದಿಲ್ಲ, ಸತ್ತವು. ಯಾವುದು ಯಾಕೆ ಸತ್ತಿತು ಎಂದು ಅವಳಿಗೆ ಗೊತ್ತಿರುತ್ತಿತ್ತು, ಅಷ್ಟೆ.

ಹುಳು ಬಂದದ್ದು ಮ್ಯಾನೇಜರ್ ತಂದ ಹವಳದ ಜೊತೆ. ಮಾಲೀಕರ ಕಣ್ಣಿಗೆ ಹೊಸದಾಗಿ ಏನಾದರೂ ಬೀಳಬೇಕೆಂದು ಅವನು ಯಾರ ಮನೆಯಿಂದಲೋ ಅಗ್ಗಕ್ಕೆ ಒಂದು ಹವಳದ ಗೊಂಚಲು ಕೊಂಡು ತಂದ. ಹೊಸದಾಗಿ ಬಂದದ್ದನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು, ಸಿಹಿನೀರಲ್ಲಿ ಅದ್ದಿ ಕೊಡವಿ, ಏನೂ ಉದುರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಟ್ಯಾಂಕಿಗೆ ಬಿಡುವುದು ಅವಳ ಪದ್ಧತಿ.

"ಒಂದು ತಿಂಗಳು ಬೇರೆ ಇಡ್ತೀನಿ ಸಾರ್," ಎಂದಳು.

"ಕಲ್ಲಿಗೆ ಸ್ನಾನ ಮಾಡಿಸ್ತೀಯಾ? ಆಮೇಲೆ ತಲೆ ಬಾಚಿ ಪೌಡರ್ ಹಾಕು," ಎಂದವನು ತಾನೇ ಕೈಯಾರೆ ಅದನ್ನು ಟ್ಯಾಂಕಿನಲ್ಲಿಟ್ಟ.

ಮೂರು ವಾರಕ್ಕೆ ಬಲಮೂಲೆಯಲ್ಲಿ ತುಕ್ಕಿನ ಕಲೆ ಕಂಡಿತು. ಉಪ್ಪಿಗೆ ಯಾವುದೋ ಕಬ್ಬಿಣ ತುಕ್ಕು ಹಿಡಿಯಿತೇನೋ ಎಂದು ಅವಳು ಬಗ್ಗಿ ನೋಡಿದಳು. ತುಕ್ಕು ನಡೆಯುತ್ತಿತ್ತು. ಎಳ್ಳಿನಷ್ಟು, ಅಕ್ಕಿಕಾಳಿನಷ್ಟು ಚಪ್ಪಟೆ ಹುಳುಗಳು, ಹಿಂದೆ ಮೂರು ಪುಟ್ಟ ಬಾಲ. ಕಚ್ಚುವುದಿಲ್ಲ, ಕೊರೆಯುವುದಿಲ್ಲ. ಬೆಳಕು ಬಿದ್ದಲ್ಲಿ ಹರಡಿ ಮಲಗುತ್ತವೆ, ಅದೇ ಅವುಗಳ ಕೇಡು. ಹವಳ ಬದುಕುವುದೇ ಬೆಳಕಿನಿಂದ. ಇವು ಅದರ ಮೇಲೆ ಕಂಬಳಿಯಂತೆ ಹೊದ್ದುಕೊಂಡು ಆ ಬೆಳಕನ್ನು ತಡೆಯುತ್ತವೆ. ಒಂದು ಎರಡು ತುಂಡಾಗುತ್ತದೆ, ಎರಡು ನಾಲ್ಕು. ಮದುವೆ ಮಕ್ಕಳ ರಗಳೆ ಅವುಗಳಿಗಿಲ್ಲ.

ಅವಳು ಮೀನಂಗಡಿಯವನ ಹತ್ತಿರ ಓಡಿದಳು. ಇವನು ತಿನ್ನುವ ಮೀನು ಮಾರುವವನಲ್ಲ, ಸಾಕುವ ಮೀನು ಮಾರುವವನು. ಊರ ಅರ್ಧ ಟ್ಯಾಂಕುಗಳ ಕಷ್ಟಸುಖ ಬಲ್ಲ ಮುದುಕ.

"ಔಷಧಿ ಇದೆ," ಎಂದ ಮುದುಕ. "ಆದ್ರೆ ಇಷ್ಟು ಹುಳ ಇಟ್ಕೊಂಡು ಹಾಕ್ಬೇಡ. ಒಂದು ಸತ್ರೆ ಏನೂ ಆಗಲ್ಲ. ಎಲ್ಲ ಒಟ್ಟಿಗೆ ಸತ್ರೆ ಅವುಗಳ ಮೈಯಲ್ಲಿರೋ ವಿಷ ನೀರಿಗೆ ಬಿಡತ್ತೆ, ಮೀನೆಲ್ಲ ಮಗುಚ್ಕೊಳತ್ತೆ. ಮೊದ್ಲು ಕೈಯಲ್ಲಿ ತೆಗಿ. ಹುಳ ತಿನ್ನೋ ಮೀನು ತಂದು ಬಿಡು. ನಿಧಾನ ಮಾಡು. ನಿಂಗೆ ತಾಳ್ಮೆ ಇದೆಯಾ?"

"ಗಂಡನ್ನ ಇಪ್ಪತ್ತು ವರ್ಷದಿಂದ ಕಾಯ್ತಿದೀನಿ, ಹುಳಾನ ಕಾಯಲ್ವಾ?" ಎಂದಳಂತೆ.

ಬೆಳಗ್ಗೆ ಆರಕ್ಕೆ ಆಸ್ಪತ್ರೆಗೆ ಹೋಗಿ ಟ್ಯಾಂಕಿನ ದೀಪ ಹಾಕುವಳು. ಬೆಳಕಿಗೆ ಹುಳುಗಳು ಮೇಲೆ ಬರುವವರೆಗೆ ನೆಲ ಒರೆಸುವಳು. ಆಮೇಲೆ ಸ್ಟೂಲು ಹತ್ತಿ, ಬೆರಳಿಗಿಂತ ಸಣ್ಣ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಹುಳುವಿನ ಮೇಲೆ ಹಿಡಿದು ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆಯುವಳು. ನೀರು ಇಳಿಯತೊಡಗಿದ ಕೂಡಲೇ ಆ ತುದಿ ಬಕೆಟ್‌ಗೆ. ಬಕೆಟ್ ಬಾಯಿಗೆ ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಹಳೇ ಕಾಲುಚೀಲ ಕಟ್ಟಿರುತ್ತಿದ್ದಳು. ಹುಳು ಚೀಲದಲ್ಲಿ ನಿಲ್ಲುತ್ತಿತ್ತು, ನೀರು ಬಕೆಟ್‌ಗೆ ಬೀಳುತ್ತಿತ್ತು. ಆ ನೀರನ್ನು ಮತ್ತೆ ಟ್ಯಾಂಕಿಗೇ ಸುರಿಯುವಳು, ಉಪ್ಪು ಪುಕ್ಕಟೆ ಬರುವುದಿಲ್ಲವಲ್ಲ. ಎಂಟು ಗಂಟೆಗೆ ಜನ ಬರುವ ಮೊದಲು ಸ್ಟೂಲು ಒಳಗಿಡಬೇಕು. ಎರಡು ಗಂಟೆಗೆ ಒಂದು ಅಂಗೈಯಗಲ ಜಾಗ ಚೊಕ್ಕಟವಾಗುತ್ತಿತ್ತು. ಮರುದಿನ ಅದರಲ್ಲಿ ಅರ್ಧ ಮತ್ತೆ ತುಕ್ಕು.

ಹುಳುಗಳು ನಿಂತ ನೀರಲ್ಲಿ ಕೂರುತ್ತವೆ ಎಂದು ಪಂಪಿನ ಮೂತಿಯನ್ನು ಆ ಮೂಲೆಗೆ ತಿರುಗಿಸಿದಳು. ಮೀನಿಗೆ ಹಾಕುವುದನ್ನು ಅರ್ಧ ಮಾಡಿದಳು. ಎತ್ತಲು ಬರುವ ಹವಳಗಳನ್ನು ಎತ್ತಿ ಸಿಹಿನೀರಲ್ಲಿ ಅದ್ದಿ ಕೊಡವಿದಳು. ಹುಳು ತಿನ್ನುತ್ತದೆ ಎಂಬ ಹೆಸರಿದ್ದ ಎರಡು ಜಾತಿಯ ಮೀನು ತಂದು ಬಿಟ್ಟಳು. ಹಳದಿಯದು ಮೊದಲ ದಿನದಿಂದಲೇ ಕಲ್ಲು ಕಲ್ಲು ಹುಡುಕಿ ಹೆಕ್ಕಿತು. ಆರು ಗೀಟಿನದು ಹುಳುವಿನ ಮುಖ ನೋಡಿ ಮೂತಿ ತಿರುಗಿಸಿ ಹೋಯಿತು. "ಸರ್ಕಾರಿ ನೌಕರಿ ಸಿಕ್ಕಿದೆ ಇದಕ್ಕೆ," ಎಂದ ಕಾವಲುಗಾರ.

ಕೊನೆಗೆ ಮೀನಂಗಡಿಯ ಮುದುಕ ಎರಡು ಬಸವನಹುಳು ಕೊಟ್ಟ. ಚಿಪ್ಪಿಲ್ಲದವು, ಮಖಮಲ್ಲಿನಂಥ ಕರಿ ಮೈಗೆ ನೀಲಿ ಅಂಚು. ಇವು ಈ ಚಪ್ಪಟೆ ಹುಳುವನ್ನು ಬಿಟ್ಟು ಜಗತ್ತಿನಲ್ಲಿ ಇನ್ನೇನನ್ನೂ ಮುಟ್ಟುವುದಿಲ್ಲ. ಹುಳು ಮುಗಿದ ದಿನ ಉಪವಾಸ, ಆಮೇಲೆ ಸಾವು. ಆದ್ದರಿಂದ ಅವನ್ನು ಯಾರೂ ಸ್ವಂತಕ್ಕೆ ಕೊಳ್ಳುವುದಿಲ್ಲ, ಒಂದು ಟ್ಯಾಂಕಿನಿಂದ ಇನ್ನೊಂದು ಟ್ಯಾಂಕಿಗೆ ಎರವಲು ಕೊಟ್ಟುಕೊಳ್ಳುತ್ತಾರೆ.

"ಉಂಡಾದ ಮೇಲೆ ವಾಪಸ್ ಕಳಿಸು," ಎಂದ ಮುದುಕ. "ಜೋಪಾನ, ಪಂಪ್ ಎಳ್ಕೊಳತ್ತೆ."

"ಊಟಕ್ಕೆ ಅಂತಾನೇ ಬರೋದು, ಅದೂ ಒಂದೇ ಐಟಮ್ಮು, ಆಮೇಲೆ ನಾವೇ ಹುಷಾರಾಗಿ ಕಳಿಸಿಕೊಡ್ಬೇಕು. ಅಳಿಯಂದಿರು ಅನ್ನಿ," ಎಂದಳು ಟ್ಯಾಂಕಕ್ಕ.

ಅಳಿಯಂದಿರು ಎಂಬ ಹೆಸರು ಹಾಲ್‌ನ ತುಂಬ ಹಬ್ಬಿತು. ನರ್ಸಮ್ಮಗಳು ಬಂದು, "ಇವತ್ತು ಅಳಿಯಂದಿರು ಎಲ್ಲಿದಾರಕ್ಕ?" ಎಂದು ಗಾಜಿಗೆ ಮೂಗು ಒತ್ತುತ್ತಿದ್ದರು. ಅವಳು ಪಂಪಿನ ಬಾಯಿಗೆ ಸ್ಪಂಜು ಕಟ್ಟಿದಳು. ಹುಳು ಕಡಿಮೆಯಾಗುವುದು ಕಣ್ಣಿಗೆ ಕಾಣಿಸಿತು. ಹಾಗೆ ಕಂಡ ವಾರವೇ ಅವಳಿಗೆ ಇನ್ನೊಂದು ಚಿಂತೆ ಹತ್ತಿತು. ಮುಂದಿನ ಟ್ಯಾಂಕ್ ಸಿಗುವ ಮೊದಲೇ ಇಲ್ಲಿ ಹುಳು ಮುಗಿದರೆ ಅಳಿಯಂದಿರ ಗತಿ?

ಆಗ ಅವಳು ಮಾಡಿದ ಕೆಲಸವನ್ನು ಈ ಕಸುಬಿನವರು ಬಿಟ್ಟು ಬೇರೆ ಯಾರೂ ಮಾಡುವುದಿಲ್ಲ. ಕಾಲುಚೀಲದಲ್ಲಿ ಸಿಕ್ಕ ಹುಳುವಿನಲ್ಲಿ ದಿನಕ್ಕೊಂದು ಚಿಟಿಕೆಯಷ್ಟನ್ನು ಎಸೆಯದೆ ಉಳಿಸಿದಳು. ಸಾಮಾನು ಕೋಣೆಯ ಕಿಟಕಿಯಲ್ಲಿ, ಬಿಸಿಲು ಬೀಳುವ ಕಡೆ, ಗಾಜಿನ ಜಾಡಿಯಲ್ಲಿ ಉಪ್ಪುನೀರು ತುಂಬಿ ಅವನ್ನು ಸಾಕಿದಳು. ಯಾರೂ ಕೊಳಕು ನೀರೆಂದು ಚೆಲ್ಲದಿರಲಿ ಎಂದು ಮಾತ್ರೆ ಡಬ್ಬಿಯ ಚೀಟಿ ಅಂಟಿಸಿ ಮೇಲೆ ‘ಅಳಿಯಂದಿರ ಊಟ’ ಎಂದು ಬರೆದಳು. ಟ್ಯಾಂಕಿನಲ್ಲಿ ಕೊಲ್ಲುವುದು, ಜಾಡಿಯಲ್ಲಿ ಸಾಕುವುದು. ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೆಲಸಕ್ಕೆ ಬಂದವರಿಗೆ ಕೊನೆಯ ದಿನದವರೆಗೂ ಊಟ ಹಾಕಬೇಕು ಎಂಬುದಷ್ಟೇ ಅವಳ ತಲೆಯಲ್ಲಿದ್ದದ್ದು. ಅವಳಿಗೆ ಕೂಲಿ ಕೊಡುವವರ ತಲೆಯಲ್ಲಿ ಅದಿರಲಿಲ್ಲ.

ಐದು ತಿಂಗಳಾಯಿತು. ಹುಳು ಅರ್ಧಕ್ಕಿಳಿದಿತ್ತು. ಮುಂದಿನ ಕಲ್ಲುಗಳೆಲ್ಲ ಚೊಕ್ಕಟ, ಉಳಿದದ್ದು ಹಿಂದಿನ ಕಲ್ಲುಗಳ ಬೆನ್ನಿಗೆ ಮತ್ತು ಬಲಮೂಲೆಯಲ್ಲಿ. ಇನ್ನೆರಡು ತಿಂಗಳು ಸಾಕು ಎಂದು ಅವಳು ಅಂದಾಜು ಹಾಕಿದ್ದಳು.

ಆ ದಿನ ಬೆಳಗ್ಗೆ ಹತ್ತೂವರೆಗೆ ಮ್ಯಾನೇಜರ್ ಹುಳದ ಔಷಧಿಯ ಬಾಟಲಿ ಹಿಡಿದು ಹಾಲ್‌ಗೆ ಬಂದ. ಕುರ್ಚಿಗಳೆಲ್ಲ ಭರ್ತಿ. ನಲವತ್ತು ಜನ ರೋಗಿಗಳು, ಕಣ್ಣಿಗೆ ಹನಿ ಹಾಕಿಸಿಕೊಂಡು ತಲೆ ಹಿಂದಕ್ಕೆ ಒರಗಿಸಿದವರು. ಹನಿ ಹಾಕಿಸಿಕೊಳ್ಳುವವರು ಒಂಟಿಯಾಗಿ ಬರಕೂಡದು ಎಂದು ಆಸ್ಪತ್ರೆಯ ನಿಯಮವಿರುವುದರಿಂದ ಪ್ರತಿಯೊಬ್ಬರ ಪಕ್ಕದಲ್ಲಿ ಜೊತೆಗೆ ಬಂದವರೊಬ್ಬರು.

"ಸಂಜೆ ನಾಲ್ಕಕ್ಕೆ ಮಾಲೀಕರು ಬರ್ತಾರೆ. ಹೊಸ ವಿಭಾಗದ ಚಿತ್ರೀಕರಣ, ಟ್ಯಾಂಕ್ ಮುಂದೆ ನಿಂತು ಮಾತಾಡ್ತಾರೆ," ಎಂದ ಮ್ಯಾನೇಜರ್. "ಆ ಮೂಲೆ ನೋಡು, ತುಕ್ಕು ಹಿಡಿದ ಹಳೇ ಡಬ್ಬದ ಹಾಗಿದೆ."

"ಅರ್ಧ ಹೋಗಿದೆ ಸಾರ್. ಇನ್ನೆರಡು ತಿಂಗಳು ಕೊಡಿ."

"ಏನಂತ ಹೇಳ್ಲಿ ಮಾಲೀಕರಿಗೆ? ಟ್ಯಾಂಕಕ್ಕನ ಅಳಿಯಂದಿರು ಇನ್ನೂ ಕೈ ತೊಳೆದಿಲ್ಲ, ಎರಡು ತಿಂಗಳು ಬಿಟ್ಟು ಬನ್ನಿ ಅಂತಾನಾ?"

ಹತ್ತಿರ ಕೂತವರು ನಕ್ಕರು. ಅವಳೂ ನಗಲು ನೋಡಿದಳು.

"ಹೋಗ್ಲಿ, ಎರಡು ದಿನ ಕೊಡಿ. ಹಿಂದಿನ ಕಲ್ಲೆಲ್ಲ ಹೊರಗೆ ತೆಗೆದು ಆದಷ್ಟು ಎಳೆದು ಹಾಕ್ತೀನಿ, ಆಮೇಲೆ ನಾನೇ ಔಷಧಿ ಹಾಕ್ತೀನಿ. ಈಗ ಹಾಕಿದ್ರೆ ನೀರು ವಿಷ ಆಗತ್ತೆ ಸಾರ್, ಕೈ ಮುಗಿತೀನಿ."

"ಕೈ ಮುಗಿಯೋದು ಬೇಡ, ಮುಚ್ಚಳದ ಮೇಲಿಂದ ತೆಗಿ."

ಅವಳು ಸ್ಟೂಲಿನ ಮೇಲೆ ನಿಂತು ಎರಡೂ ಕೈಗಳನ್ನು ಟ್ಯಾಂಕಿನ ಮುಚ್ಚಳದ ಮೇಲೆ ಊರಿದ್ದಳು. "ತೆಗಿಯಲ್ಲ," ಎಂದಳು.

ಮ್ಯಾನೇಜರ್ ಕಾವಲುಗಾರನ ಕಡೆ ನೋಡಿದ. ಕಾವಲುಗಾರ ನೆಲ ನೋಡಿದ. ಆಗ ಮ್ಯಾನೇಜರ್ ಟ್ಯಾಂಕಿನ ಆಚೆ ತುದಿಗೆ ಹೋಗಿ, ಅಲ್ಲಿನ ಮುಚ್ಚಳ ತಾನೇ ಎತ್ತಿ ಬಾಟಲಿ ಬಗ್ಗಿಸಿದ. ಬಾಟಲಿಯ ಮೇಲೆ ಹನಿಗಳ ಲೆಕ್ಕ ಅಚ್ಚಾಗಿತ್ತು. ಅವನು ಹನಿ ಎಣಿಸಲಿಲ್ಲ, ಬುಡ ಮೇಲೆ ಮಾಡಿ ಪೂರ್ತಿ ಸುರಿದ. ಎಂಟು ಅಡಿಯ ಈ ತುದಿಯಿಂದ ಆ ತುದಿಗೆ ಅವಳ ಕೈ ಎಟುಕಲಿಲ್ಲ.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹುಳುಗಳು ಕಲ್ಲು ಬಿಟ್ಟು ಮೇಲೆದ್ದವು. ಹಿಂದಿನಿಂದ, ಸಂದಿನಿಂದ, ಯಾರೂ ಕಾಣದಿದ್ದ ಕಡೆಯಿಂದೆಲ್ಲ ತುಕ್ಕಿನ ಹೊಟ್ಟಿನಂತೆ ಎದ್ದು ನೀರು ಕೆಂಚಗಾಯಿತು.

"ನೋಡಿದ್ಯಾ?" ಎಂದ ಮ್ಯಾನೇಜರ್. "ಹತ್ತು ನಿಮಿಷದ ಕೆಲಸಕ್ಕೆ ಐದು ತಿಂಗಳು ಕಾಲುಚೀಲ ಹಿಡ್ಕೊಂಡು ಕೂತಿದ್ದೆ."

ಅವಳು ಎರವಲು ತಂದದ್ದು ಮೊದಲು ಎಂದು ನೀರಿಗೆ ಕೈ ಹಾಕಿ ಎರಡು ಬಸವನಹುಳುಗಳನ್ನು ತೆಗೆದು ಸಾಮಾನು ಕೋಣೆಯ ಜಾಡಿಗೆ ಬಿಟ್ಟು ಬಂದಳು. ಆಮೇಲೆ ಕೊಳವೆ ಹಿಡಿದು ವಿಷದ ನೀರನ್ನು ಹೊರಗೆ ಎಳೆಯತೊಡಗಿದಳು. ಮ್ಯಾನೇಜರ್ ಫೋನ್ ಬಂತೆಂದು ಹೊರಟುಹೋದ. ಅವಳ ಹತ್ತಿರ ಕಲಸಿಟ್ಟ ಉಪ್ಪುನೀರು ಎರಡೇ ಡ್ರಮ್ ಇತ್ತು. ಹೊಸದಾಗಿ ಕಲಸಿದರೆ ಹದಕ್ಕೆ ಬರಲು ಒಂದು ದಿನ ಬೇಕು. ಎರಡೂ ಡ್ರಮ್ ಮುಗಿದವು. ಉಳಿದ ವಿಷ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟಳು. ಮೊದಲು ಮಗುಚಿದ್ದು ಹಳದಿ ಮೀನು. ದಿನವೂ ನಿಯತ್ತಾಗಿ ಹುಳು ಹೆಕ್ಕುತ್ತಿದ್ದದ್ದು ಅದೊಂದೇ.

ಮುಂದಿನ ಸಾಲಿನಲ್ಲಿ ಆರೇಳು ವರ್ಷದ ಒಂದು ಹುಡುಗಿ ಅಜ್ಜಿಯ ಜೊತೆ ಕೂತಿತ್ತು. "ಅಜ್ಜಿ, ಮೀನು ಯಾಕೆ ಮಲಗಿದೆ?"

"ನಂಗೆ ಕಾಣಲ್ಲ ಪುಟ್ಟಿ. ನಿದ್ದೆ ಬಂದಿರಬೇಕು," ಎಂದಳು ಅಜ್ಜಿ, ಹನಿ ಹಾಕಿದ ಕಣ್ಣು ಒರೆಸಿಕೊಳ್ಳುತ್ತ.

"ಎಲ್ಲದಕ್ಕೂ ಬಂತಾ?"

ಮಧ್ಯಾಹ್ನ ಎರಡರ ಹೊತ್ತಿಗೆ ಇಪ್ಪತ್ತಮೂರು ಮೀನುಗಳಿಗೂ ಬಂದಿತ್ತು. ಹುಳುವಿನ ಮುಖ ನೋಡದ ಆರು ಗೀಟಿನದೂ ಉಳಿಯಲಿಲ್ಲ. ಹವಳಗಳ ಮೈ ಲೋಳೆಯಾಗಿ ಕಳಚತೊಡಗಿತ್ತು. ಮೂರಕ್ಕೆ ಟ್ಯಾಂಕಿಗೆ ಹಸಿರು ಬಟ್ಟೆ ಹೊದಿಸಿದರು. ಆ ಬಟ್ಟೆ ತಂದುಕೊಟ್ಟವಳು ಅವಳ ಮಗಳೇ. ಹತ್ತೂವರೆಗೆ ಬಟ್ಟೆಗಾಡಿ ತಳ್ಳಿಕೊಂಡು ಹಾಲ್ ದಾಟುತ್ತಿದ್ದವಳು ಗಾಡಿ ನಿಲ್ಲಿಸಿ ಎಲ್ಲವನ್ನೂ ನೋಡಿದ್ದಳು. ಮಾಲೀಕರು ನಾಲ್ಕಕ್ಕೆ ಬಂದು ಸ್ವಾಗತ ಮೇಜಿನ ಮುಂದೆ ನಿಂತು ಮಾತಾಡಿ ಹೋದರು. ಬಟ್ಟೆಯ ಕೆಳಗೇನಿದೆ ಎಂದು ಕೇಳಲಿಲ್ಲ.

ಕೇಳಿದ್ದು ಮೂರು ದಿನ ಬಿಟ್ಟು, ಫೋನಿನಲ್ಲಿ. ಆಗ ಮ್ಯಾನೇಜರ್‌ಗೆ ಉತ್ತರ ಬೇಕಾಯಿತು. ಸಾಮಾನು ಕೋಣೆ ಜಾಲಾಡಿಸಿದ, ಜಾಡಿ ಸಿಕ್ಕಿತು.

ಅವಳನ್ನು ಕೋಣೆಗೆ ಕರೆಸಿ ಜಾಡಿಯನ್ನು ಮೇಜಿನ ಮೇಲಿಟ್ಟು ಚೀಟಿಯನ್ನು ಗಟ್ಟಿಯಾಗಿ ಓದಿದ. "‘ಅಳಿಯಂದಿರ ಊಟ.’ ಇದರಲ್ಲಿರೋದು ಯಾವ ಹುಳ?"

"ಅದೇ ಹುಳ ಸಾರ್."

"ಯಾರು ಸಾಕಿದ್ದು?"

"ನಾನೇ."

"ಬರೆದುಕೊಡು."

ಅವನೇ ಹೇಳಿ ಗುಮಾಸ್ತನ ಕೈಯಲ್ಲಿ ಬರೆಸಿದ: ‘ಟ್ಯಾಂಕಿನಲ್ಲಿದ್ದ ಹುಳುಗಳನ್ನು ನಾನೇ ಸಾಮಾನು ಕೋಣೆಯಲ್ಲಿ ಸಾಕುತ್ತಿದ್ದೆನು.’ ಅವಳು ಎರಡು ಸಲ ಓದಿದಳು. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಸಹಿ ಹಾಕಿದಳು. ಯಾಕೆ ಸಾಕಿದೆ ಎಂಬುದಕ್ಕೆ ಇನ್ನೊಂದು ಸಾಲು ಬರೆಸಬೇಕಿತ್ತು ಎಂದು ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ. ವಾಪಸ್ ಓಡಿ ಬಂದರೆ ಗೇಟಿನಲ್ಲಿ ಅದೇ ಕಾವಲುಗಾರ, "ಒಳಗೆ ಬಿಡ್ಬೇಡ ಅಂದಿದಾರೆ ಅಕ್ಕ," ಎಂದ. ಮರುದಿನ ಕಾಗದ ಬಂತು. ಕೆಲಸ ಉಳಿಸಿಕೊಳ್ಳಲು ಹುಳು ಬೆಳೆಸಿ ಟ್ಯಾಂಕಿಗೆ ಬಿಟ್ಟಳು, ಅದರಿಂದ ಮೀನು ಸತ್ತವು, ಇತ್ಯಾದಿ.

ಈ ಒಂದು ಸಹಿಗಾಗಿ ನಾನು ಅವಳನ್ನು ಬೈದಿದ್ದೇನೆ. "ಓದು ಬರಹ ಬರತ್ತಲ್ಲ ನಿಂಗೆ? ಅಷ್ಟು ಗೊತ್ತಾಗ್ಲಿಲ್ವಾ?" ಎಂದೆ.

"ನಿಜ ಬರೆದಿತ್ತಲ್ಲ ಅಣ್ಣ," ಎಂದಳು. ಆಮೇಲೆ ನಾನು ಬೈಯಲಿಲ್ಲ.

ಆಸ್ಪತ್ರೆ ಗೇಟಿನ ಮುಂದೆ ಹತ್ತೊಂಬತ್ತು ದಿನ ಕೂತೆವು. ಮೊದಲ ದಿನ ಮೂವತ್ತೆಂಟು ಜನ, ಹತ್ತನೇ ದಿನ ಏಳು, ಕೊನೆಯ ದಿನ ಅವಳು, ನಾನು, ಒಂದು ಬ್ಯಾನರು. ಮೀನಿಗಾಗಿ ಮುಷ್ಕರವಾ ಎಂದು ನಮ್ಮವರೇ ನಕ್ಕರು. ಒಳಗಿಂದ ಸಂಧಾನಕ್ಕೆ ಕರೆ ಬಂತು: ಕಾರ್ಮಿಕ ಕಚೇರಿಯಲ್ಲಿ ಹಾಕಿದ ಕೇಸು ಬಿಟ್ಟರೆ ಎರಡು ತಿಂಗಳ ಸಂಬಳ ಕೊಡುತ್ತಾರೆ. ತಗೋ ಎಂದು ನಾನೇ ಹೇಳಿದೆ, ಮುಚ್ಚಿಡುವುದಿಲ್ಲ.

"ಎರಡನೇ ಸಾಲು ತೆಗಿತಾರಾ?" ಎಂದಳು.

"ತೆಗಿಯಲ್ಲ."

"ಹಂಗಿದ್ರೆ ಆ ದುಡ್ಡಲ್ಲಿ ಅವರೇ ಮೀನು ತಂದ್ಕೊಳ್ಲಿ."

ಊರಲ್ಲಿ ಟ್ಯಾಂಕ್ ಇಟ್ಟವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಆ ಸಾಲು ಎಲ್ಲರ ಕಿವಿಗೂ ಬಿದ್ದಿದೆ. ಎರಡು ಹೋಟೆಲು, ಒಂದು ಬ್ಯಾಂಕು, ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕು, ನಾಲ್ಕೂ ಕಡೆ ಬೇಡ ಎಂದರು. ಅಂಗಡಿಯ ಮುದುಕ ಮಾತ್ರ ಅವಳನ್ನು ನಂಬುತ್ತಾನೆ. ಆದರೆ ಅವನಿಗೆ ಆಸ್ಪತ್ರೆಯ ಹೊಸ ಟ್ಯಾಂಕಿನ ಆರ್ಡರ್ ಬಂದಿದೆ, ಕೊಟ್ಟವನು ಮ್ಯಾನೇಜರ್.

ಕಾರ್ಮಿಕ ಕಚೇರಿಯಲ್ಲಿ ಎರಡು ವಿಚಾರಣೆ ಮುಗಿದಿವೆ. ಮೊದಲನೆಯದರಲ್ಲಿ ಜಾಡಿಯನ್ನು ಹಾಜರುಪಡಿಸಿದರು. ಮ್ಯಾನೇಜರ್ ಅದಕ್ಕೆ ಟೇಪು ಸುತ್ತಿ, ಅರಗು ಹಾಕಿ, ಬೀರುವಿನೊಳಗೆ ಇಟ್ಟಿದ್ದ. ನನಗೆ ಒಂದು ಆಸೆ ಇತ್ತು. ಹುಳುಗಳ ನಡುವೆ ಅಳಿಯಂದಿರೂ ಕಂಡರೆ, ಹುಳು ಯಾಕೆ ಸಾಕಿದ್ದು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಅಧಿಕಾರಿ ಟೇಪು ಬಿಚ್ಚಿಸಿದರು. ಒಳಗೆ ಕರಿ ನೀರು, ಮತ್ತೇನೂ ಇಲ್ಲ. ಬೆಳಕಿಲ್ಲದೆ ಹುಳು ಸತ್ತು, ಬಸವನಹುಳು ಸತ್ತು, ಎಲ್ಲ ಕರಗಿಹೋಗಿತ್ತು. ಕೋಣೆಯ ತುಂಬ ನಾತ ಎದ್ದಿತು. "ಮುಚ್ರಪ್ಪ, ಮುಚ್ಚಿ, ಹೊರಗೆ ತಗೊಂಡು ಹೋಗಿ," ಎಂದರು ಅಧಿಕಾರಿ. ಟ್ಯಾಂಕಕ್ಕ ಮೂಗು ಮುಚ್ಚಲಿಲ್ಲ. ಜಾಡಿ ಬಾಗಿಲು ದಾಟುವವರೆಗೂ ನೋಡುತ್ತಿದ್ದಳು. "ಎರವಲು ತಂದಿದ್ದು," ಎಂದಳು, ಯಾರಿಗೆಂದಿಲ್ಲದೆ.

ಎರಡನೆಯದಕ್ಕೆ ನಾವು ಆ ಅಜ್ಜಿಯನ್ನು ಹುಡುಕಿ ಕರೆತಂದೆವು. ಎಪ್ಪತ್ತು ದಾಟಿದವಳು, ಹಳೇ ಹೊಲಿಗೆಯವಳು, ಮಾತು ಖಡಕ್ಕು.

"ಮ್ಯಾನೇಜರೇ ಸುರಿದಿದ್ದು, ನಾನು ನೋಡಿದೀನಿ," ಎಂದಳು.

ಆಸ್ಪತ್ರೆಯ ವಕೀಲ ಎದ್ದು ನಿಂತ. "ಅಜ್ಜಿ, ಅವತ್ತು ಕಣ್ಣಿಗೆ ಹನಿ ಹಾಕಿದ್ರಾ?"

"ಮೂರು ಸಲ ಹಾಕಿದ್ರು."

"ಹನಿ ಹಾಕಿದ ಮೇಲೆ ಮೊಮ್ಮಗಳ ಮುಖ ಕಾಣ್ತಿತ್ತಾ?"

"ಮಂಜು ಮಂಜಾಗಿ."

"ಬಾಟಲಿ ಹಿಡಿದವರು ಯಾವ ಬಟ್ಟೆ ಹಾಕಿದ್ರು?"

"ಬಿಳಿ ಅಂಗಿ."

"ಈ ಕೋಣೇಲಿ ಬಿಳಿ ಅಂಗಿ ಎಷ್ಟಿದೆ ಎಣಿಸಿ ನೋಡೋಣ."

ಅಜ್ಜಿ ಕಣ್ಣು ಕಿರಿದು ಮಾಡಿ ಸುತ್ತ ನೋಡಿದಳು. ವಕೀಲನದು ಬಿಳಿ, ಅಧಿಕಾರಿಯದು ಬಿಳಿ, ನನ್ನದೂ ಬಿಳಿ. "ಧ್ವನಿ ಕೇಳಿದೀನಲ್ಲಪ್ಪ, ನಂಗೇನು ಕಿವಿಗೂ ಹನಿ ಹಾಕಿದ್ರಾ?" ಎಂದಳು. ಎಲ್ಲರೂ ನಕ್ಕರು, ಅಧಿಕಾರಿಯೂ. ನಕ್ಕು, ಸಾಕ್ಷಿ ಸಾಲದು ಎಂದು ಬರೆದುಕೊಂಡರು. ಅವಳ ಜೊತೆಗೆ ಬಂದಿದ್ದ ಮೊಮ್ಮಗಳಿಗೆ ವಯಸ್ಸು ಸಾಲದು. ಹಾಲ್‌ನ ಕ್ಯಾಮೆರಾ ಆ ದಿನ ಕೆಟ್ಟಿತ್ತು, ಅದಕ್ಕೆ ರಿಪೇರಿ ಚೀಟಿಯೂ ಇದೆ. ಕಾವಲುಗಾರ ಆ ಹೊತ್ತಿಗೆ ಚಹಾಕ್ಕೆ ಹೋಗಿದ್ದೆ ಎಂದು ಬರೆದುಕೊಟ್ಟಿದ್ದಾನೆ.

ಮಗಳು ಬಂದು ಹೇಳಬಹುದಿತ್ತು. ನಾನು ಕೇಳಲು ಅವರ ಮನೆಗೆ ಹೋದೆ. ತಾಯಿ ಬಾಗಿಲಿಗೆ ಅಡ್ಡ ಕೂತಿದ್ದಳು.

"ನಾನು ಬರ್ತೀನಿ ಮಾವ, ಹೇಳ್ತೀನಿ," ಎಂದಳು ಮಗಳು ಒಳಗಿನಿಂದ.

"ಹೇಳು. ಹೇಳಿ ಸಂಜೆಗೆ ಕೆಲಸ ಕಳ್ಕೊಂಡು ಬಾ. ಇಬ್ರೂ ಕೂತು ಗೋಡೆ ನೆಕ್ಕೋಣ," ಎಂದಳು ತಾಯಿ. "ನನ್ನ ಮೇಲೆ ಒಂದು ಸಾಲು ಬರೆದೋರು ನಿನ್ನ ಮೇಲೆ ಹತ್ತು ಬರಿತಾರೆ."

"ಆ ಟ್ಯಾಂಕಿಗೆ ಹೊದಿಸೋಕೆ ಬಟ್ಟೆ ತಂದ್ಕೊಟ್ಟಿದ್ದು ನಾನು ಕಣಮ್ಮ. ದಿನಾ ಅದೇ ಹಾಲ್ ದಾಟಿ ಹೋಗ್ತೀನಿ."

"ದಾಟು. ತಲೆ ತಗ್ಗಿಸ್ಕೊಂಡು ದಾಟು."

ಇಬ್ಬರ ನಡುವೆ ಅಂದಿನಿಂದ ಮಾತು ಕಡಿಮೆಯಾಗಿದೆ ಎಂದು ಕೇಳಿದ್ದೇನೆ. ನಾನು ಮತ್ತೆ ಆ ಮನೆಗೆ ಸಾಕ್ಷಿ ಕೇಳಲು ಹೋಗಿಲ್ಲ, ಹೋಗುವುದೂ ಇಲ್ಲ.

ಈಗ ಟ್ಯಾಂಕಕ್ಕ ಒಂದು ಮಳಿಗೆಯ ಮೆಟ್ಟಿಲು ಒರೆಸುತ್ತಾಳೆ. ಬೆಳಗ್ಗೆ ಆರಕ್ಕೆ ಎಚ್ಚರವಾಗಿ ಯಾವುದೋ ದೀಪ ಹಾಕಬೇಕಿತ್ತು ಅನ್ನಿಸುತ್ತದಂತೆ. ಕೈಯ ಬಿರುಕುಗಳು ಮಾಯುತ್ತಿವೆ. ಅದನ್ನು ನನಗೆ ತೋರಿಸಿ, "ನೋಡಿ ಅಣ್ಣ, ಒಳ್ಳೇದೇ ಆಯ್ತು," ಎಂದಳು. ಆ ಮಾತು ಕೇಳಿದಾಗ ಆದಷ್ಟು ಸೋಲು ನನಗೆ ಆ ಹತ್ತೊಂಬತ್ತು ದಿನದಲ್ಲೂ ಆಗಿರಲಿಲ್ಲ.

ಮೂರನೇ ವಿಚಾರಣೆ ಬರುವ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ, ಅದೇ ಕೊನೆಯದು. ಕಣ್ಣಾರೆ ಕಂಡ ಒಬ್ಬರನ್ನು ಕರೆತನ್ನಿ, ಇಲ್ಲವಾದರೆ ಮುಗಿಸುತ್ತೇನೆ ಎಂದು ಅಧಿಕಾರಿ ಹೇಳಿದ್ದಾರೆ. ಮುಗಿಸಿದರೆ ಸಂಬಳವೂ ಹೋಯಿತು, ಆ ಸಾಲೂ ಅವಳ ಹೆಸರಿನ ಮೇಲೆ ಸಾಯುವವರೆಗೆ ಉಳಿಯಿತು. ನನಗೆ ದೊಡ್ಡ ಆಸೆಯೇನೂ ಇಲ್ಲ. ಆದರೂ ಲೆಕ್ಕ ಹಾಕುತ್ತೇನೆ. ಆ ಹಾಲ್‌ನಲ್ಲಿ ನಲವತ್ತು ಜನ ಮಂಜುಗಣ್ಣಿನವರು ಇದ್ದರೆ, ಅವರ ಪಕ್ಕದ ಕುರ್ಚಿಗಳಲ್ಲಿ ನಲವತ್ತು ಜನ ಜೊತೆಗೆ ಬಂದವರೂ ಇದ್ದರು. ತಾಯಿಯನ್ನೋ, ಮಾವನನ್ನೋ, ಗಂಡನನ್ನೋ ಕೈಹಿಡಿದು ಕರೆತಂದು, ಟೋಕನ್ ಹಿಡಿದು, ಮಾಡಲು ಬೇರೆ ಕೆಲಸವಿಲ್ಲದೆ ಟ್ಯಾಂಕ್ ನೋಡುತ್ತ ಕೂತಿದ್ದವರು. ಅಳಿಯಂದಿರ ಮಾತಿಗೆ ನಕ್ಕವರು. ನೀರು ಕೆಂಚಗಾದಾಗ ಫೋನ್ ಎತ್ತಿ ಹಿಡಿದವರು.

ಈ ಬರಹ ಬರೆದದ್ದು ನಿಮಗೆ. ಆ ದಿನ ಹತ್ತೂವರೆಗೆ ನೀವು ಆ ಹಾಲ್‌ನಲ್ಲಿ ಕೂತಿದ್ದಿರಿ. ಅವಳ ಎರಡೂ ಕೈ ಮುಚ್ಚಳದ ಮೇಲೆ ಇದ್ದದ್ದನ್ನು ನೋಡಿದಿರಿ, ಬಾಟಲಿ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಿದಿರಿ. ಬುಧವಾರ ಹನ್ನೊಂದಕ್ಕೆ ಕಾರ್ಮಿಕ ಕಚೇರಿಯ ಎರಡನೇ ಮಹಡಿಗೆ ಬನ್ನಿ, ಫೋನಿನಲ್ಲಿ ಚಿತ್ರವಿದ್ದರೆ ತನ್ನಿ. ನಿಮ್ಮ ಕಣ್ಣಿಗೆ ಯಾರೂ ಹನಿ ಹಾಕಿರಲಿಲ್ಲ. ಬಂದು, ಕಂಡದ್ದನ್ನು ಕಂಡೆ ಎಂದು ಹೇಳ್ತೀರೋ ಇಲ್ಲವೋ?